ಪದ ಹಿರಿಯರದು, ಧಾಟಿ ಹಾಡುವವರದು: ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಕುರಿತು



ದತ್ತಿ ಉಪನ್ಯಾಸಕ್ಕೆ ರಾಕ್ ಗಾಯಕರೊಬ್ಬರ ಆಲ್ಬಂ ವಿಷಯವಾಗಬಹುದೇ ಎಂದು ಕೆಲವರಿಗೆ ಅನ್ನಿಸಿರಬಹುದು. ವಚನ, ಕೀರ್ತನೆ, ತತ್ವಪದಗಳ ಬಗ್ಗೆ ಮಾತು ಕೇಳಿ ರೂಢಿಯಾದ ಸಭೆ ಇದು. ನಾನು ಹೇಳಲಿರುವುದೂ ತತ್ವಪದದ ಮಾತೇ. ಗಿಟಾರು, ಪಿಟೀಲು, ಡ್ರಮ್ಸ್ ಜೊತೆಗೆ ಊರು ಬಿಟ್ಟು ಹೊರಟ ತತ್ವಪದದ ಮಾತು. 2008ರಲ್ಲಿ ರಘು ದೀಕ್ಷಿತ್ ತಮ್ಮದೇ ಹೆಸರಿನಲ್ಲಿ ಮೊದಲ ಆಲ್ಬಂ ತಂದರು. ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಕಟ್ಟಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಸಂಸ್ಥೆ ಅದನ್ನು ಹೊರತಂದಿತು. ಅದರಲ್ಲಿರುವುದು ಎಂಟು ಹಾಡು. ಹೆಚ್ಚಿನವು ಹಿಂದಿಯವು, ಒಂದು ಇಂಗ್ಲಿಷಿನದು, ಎರಡು ಕನ್ನಡದವು. ಕನ್ನಡದ ಎರಡೂ ಶಿಶುನಾಳ ಶರೀಫರ ಪದಗಳು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಹೊಸದಾಗಿ ಬರೆದ ಹಾಡುಗಳ ನಡುವೆ ಹಿರಿಯರ ಎರಡು ಹಾಡನ್ನು ಸೇರಿಸಿದ ಆಲ್ಬಂ ಎಂದು ಇದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಈ ಗಾಯಕರ ಸ್ವಂತ ದನಿ ಮೊದಲು ಗಟ್ಟಿಯಾಗಿ ಕೇಳಿಸಿದ್ದೇ ಆ ಎರಡು ಶರೀಫರ ಪದಗಳಲ್ಲಿ ಎಂಬುದು ನನ್ನ ವಾದ. ಅದನ್ನು ಅಳೆಯಲು ಬೇಕಾದ ಅಳತೆಗೋಲು ಲಂಡನ್ನಿನಲ್ಲಾಗಲಿ ಮುಂಬೈಯಲ್ಲಾಗಲಿ ಸಿಗುವುದಿಲ್ಲ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಭಜನೆಯಲ್ಲಿ, ಮೊಹರಂ ಪದಗಳಲ್ಲಿ, ಕಂಪನಿ ನಾಟಕದ ನೆನಪಿನಲ್ಲಿ ಸಿಗುತ್ತದೆ.

ಮೊದಲು ರಾಕ್ ಸಂಗೀತದ ಮನೆಯ ಪದ್ಧತಿ ನೋಡೋಣ. ಅಲ್ಲಿ ಹೊಸ ಗಾಯಕ ಬೇರೆಯವರ ಹಾಡು ಹಾಡುತ್ತ ಕಣಕ್ಕಿಳಿಯುವುದು ಹಳೆಯ ರೂಢಿ. 1962ರ ಮಾರ್ಚಿನಲ್ಲಿ ಬಂದ ಬಾಬ್ ಡಿಲನ್ ಅವರ ಮೊದಲ ಆಲ್ಬಂನ 13 ಹಾಡುಗಳಲ್ಲಿ ಅವರು ಬರೆದವು ಎರಡೇ. ಮಿಕ್ಕವು ಜನಪದ ಹಾಡುಗಳು, ಬ್ಲೂಸ್ ಹಾಡುಗಳು. ಮರುವರ್ಷದ ಬೀಟಲ್ಸ್ ಮೊದಲ ಆಲ್ಬಂನ 14 ಹಾಡುಗಳಲ್ಲಿ ಆರು ಬೇರೆಯವರವು. ರಾಡ್ ಸ್ಟೀವರ್ಟ್ 1970ರ ತಮ್ಮ ಎರಡನೆಯ ಆಲ್ಬಂನಲ್ಲಿ ಡಿಲನ್ನರ ಹಾಡನ್ನೂ ತಮ್ಮದನ್ನೂ ಅಕ್ಕಪಕ್ಕ ಇಟ್ಟರು. ಆದರೆ ಆ ಲೋಕದ ವಿಮರ್ಶೆ ಈ ಬೆರಕೆಯನ್ನು ಒಂದು ಮೆಟ್ಟಿಲಾಗಿ ಮಾತ್ರ ಕಂಡಿತು. ಕಲಿಯುವಾಗ ಬೇರೆಯವರ ಹಾಡು, ಬೆಳೆದ ಮೇಲೆ ಸ್ವಂತ ಹಾಡು. ಸ್ವಂತ ಹಾಡು ಹೆಚ್ಚಿದಷ್ಟೂ ಕಲಾವಿದ ದೊಡ್ಡವನು. ನಮ್ಮ ಪತ್ರಿಕೆಗಳೂ ಈ ಲೆಕ್ಕವನ್ನು ಹೆಚ್ಚು ಯೋಚಿಸದೆ ತಂದುಕೊಂಡವು. ಭಾರತದ ರಾಕ್ ತಂಡಗಳು ಮಾಡಿದ ಒಳ್ಳೆಯ ಕೆಲಸಕ್ಕೆ ಇದು ಹೊಂದುವುದಿಲ್ಲ. ದೆಹಲಿಯ ಇಂಡಿಯನ್ ಓಷನ್ ತಂಡದ 2000ದ ‘ಕಂದೀಸ’ ಆಲ್ಬಂ ಹೆಸರಾಗಿದ್ದೇ ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಪ್ರಾರ್ಥನೆಯೊಂದರಿಂದ. ಆ ಪ್ರಾರ್ಥನೆಯನ್ನು ಆ ತಂಡದ ಕಲಿಕೆಯ ಹಾಡು ಎಂದು ಯಾರೂ ಕರೆಯಲಾರರು.

ನಮ್ಮ ಕಡೆಯ ಪದ್ಧತಿ ಬೇರೆ. ಉತ್ತರ ಕರ್ನಾಟಕದ ಹಳೆಯ ನಾಟಕ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಗೊತ್ತು, ಪ್ರತಿ ಪದ್ಯದ ತಲೆಯ ಮೇಲೆ ಧಾಟಿ ಯಾವುದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಒಮ್ಮೆ ಮರಾಠಿ ನಾಟ್ಯಗೀತೆಯದು, ಒಮ್ಮೆ ದಾಸರ ಪದದ್ದು, ಮುಂದೆ ಹಿಂದಿ ಸಿನಿಮಾದ್ದು. ಪದ ಹೊಸದು, ಧಾಟಿ ಹಳೆಯದು, ಮುಚ್ಚುಮರೆ ಏನೂ ಇಲ್ಲ. ಭಜನಾ ಮೇಳಗಳಲ್ಲಿ ಇದಕ್ಕೆ ತಿರುಗುಮುರುಗಾದದ್ದೂ ನಡೆಯುತ್ತದೆ. ಶ್ರಾವಣದಲ್ಲಿ, ಅಮಾವಾಸ್ಯೆಯ ರಾತ್ರಿಗಳಲ್ಲಿ ಗುಡಿಯ ಮುಂದೆ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ ಹಿಡಿದು ಕೂತ ಮೇಳ ಒಂದೇ ತತ್ವಪದವನ್ನು ಒಂದೂರಲ್ಲಿ ಒಂದು ಧಾಟಿಯಲ್ಲಿ, ಪಕ್ಕದೂರಲ್ಲಿ ಇನ್ನೊಂದು ಧಾಟಿಯಲ್ಲಿ ಎತ್ತಿಕೊಳ್ಳುತ್ತದೆ. ಮುಂದಾಳು ಒಂದು ನುಡಿಯನ್ನು ತನ್ನ ಗಂಟಲಿಗೆ ಒಗ್ಗುವಂತೆ ಎಳೆಯುತ್ತಾನೆ, ಹಿಮ್ಮೇಳ ಅದನ್ನು ಹೊತ್ತುಕೊಳ್ಳುತ್ತದೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳಲ್ಲೂ ಹೀಗೆಯೇ. ಅಲ್ಲಿ ಯಾರೂ ‘ಇದು ನಿಮ್ಮ ಸ್ವಂತದ್ದೋ’ ಎಂದು ಕೇಳುವುದಿಲ್ಲ. ಪದ ಯಾರದೆಂದು ಅಂಕಿತವೇ ಹೇಳುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯ ಪರದೆಯ ಹಿಂದೆ ಅವರು ಆಡಿಸಿದ್ದು ತಲೆತಲಾಂತರದ ರಾಮಾಯಣ, ಮಹಾಭಾರತವನ್ನು. ಕತೆ ಪಡೆದದ್ದು ಎಂಬ ಕಾರಣಕ್ಕೆ ಅವರ ಕಲೆಯನ್ನು ಯಾರೂ ಎರಡನೆಯ ದರ್ಜೆಗೆ ಇಳಿಸಲಿಲ್ಲ.

ಈ ಅಳತೆಯಿಂದ ಶರೀಫರ ಪದಗಳನ್ನು ನೋಡಬೇಕು. ಶರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿ 1889ರಲ್ಲಿ ಅಲ್ಲೇ ತೀರಿಕೊಂಡರು. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಅವರು ಶಾಲೆಯ ಮಾಸ್ತರಿಕೆ ಬಿಟ್ಟು ಪದ ಕಟ್ಟಿದರು. ರಿವಾಯತ್ ಪದಗಳನ್ನೂ ಬರೆದರು. ಅವರ ಅಂಕಿತದಲ್ಲಿರುವುದು ತಮ್ಮ ಹೆಸರಿಗಿಂತ ಮುಖ್ಯವಾಗಿ ತಮ್ಮೂರಿನ ದೇವರ ಹೆಸರು. ಈಗ ಒಂದು ತಾರೀಖನ್ನು ಗಮನಿಸಿ. ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಧ್ವನಿಮುದ್ರಣ ಮಾಡಿದ್ದು 1902ರಲ್ಲಿ, ಕೋಲ್ಕತ್ತದಲ್ಲಿ. ಅಷ್ಟರಲ್ಲಿ ಶರೀಫರು ತೀರಿಹೋಗಿ 13 ವರ್ಷವಾಗಿತ್ತು. ಅವರು ತಮ್ಮ ಪದವನ್ನು ಯಾವ ಧಾಟಿಯಲ್ಲಿ ಹಾಡಿದರು ಎಂಬುದಕ್ಕೆ ಧ್ವನಿಯ ಸಾಕ್ಷಿ ಇಲ್ಲ. ಬಾಯಿಂದ ಬಾಯಿಗೆ ಬಂದದ್ದಿದೆ, ಅದು ಊರಿಗೊಂದು ರೂಪದಲ್ಲಿದೆ. ಹೀಗಿರುವಾಗ ರಘು ದೀಕ್ಷಿತ್ ಹಾಡಿದ್ದನ್ನು ಯಾವುದರ ಮರುಹಾಡಿಕೆ ಎನ್ನುವುದು? ಮೂಲ ಮುದ್ರಣವೊಂದು ಇದ್ದಿದ್ದರೆ ಆ ಮಾತಿಗೆ ಅರ್ಥವಿತ್ತು. ನಮ್ಮ ಕೃತಿಸ್ವಾಮ್ಯ ಕಾಯ್ದೆ ಕೂಡ ಸಂಗೀತ ಕೃತಿಯನ್ನು ಪದಗಳಿಂದ ಬೇರೆಯಾಗಿಯೇ ಎಣಿಸುತ್ತದೆ; ಅದರ ದೃಷ್ಟಿಯಲ್ಲಿ ಸಾಹಿತ್ಯ ಒಂದು ಕೃತಿ, ಧಾಟಿ ಇನ್ನೊಂದು. ಶರೀಫರ ಪದಗಳಿಗೆ ರಘು ದೀಕ್ಷಿತ್ ತಮ್ಮದೇ ಧಾಟಿ ಹಾಕಿದರು. ಭಜನಾ ಮೇಳದವರು ಕಾನೂನು ಓದದೆಯೇ ಇಟ್ಟುಕೊಂಡಿದ್ದ ವಿಂಗಡಣೆ ಇದೇ.

ಮಾಳಿಗೆಯ ಪದವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈ ಸಭೆಗೆ ಮಾಳಿಗೆ ಎಂದರೇನು ಎಂದು ಹೇಳಬೇಕಿಲ್ಲ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಬಡಿದು ಕೂರಿಸಿದ ಮಣ್ಣು. ಮುಂಗಾರಿಗೆ ಮುನ್ನ ಮೇಲೆ ಸವಳು ಮಣ್ಣು ಹಾಕದಿದ್ದರೆ ಮೊದಲ ದೊಡ್ಡ ಮಳೆಗೇ ಗೋಡೆಯ ಮೇಲೆ ನೀರಿನ ಗೆರೆ ಇಳಿಯುತ್ತದೆ. ಹುಳು ತಿಂದ ಜಂತಿಯನ್ನು ಕೆಳಗಿನಿಂದ ನೋಡಿ ತಿಳಿಯಲಾಗದು, ಅದು ಕುಸಿದಾಗಲೇ ತಿಳಿಯುವುದು. ರಿಪೇರಿ ಮಾಡಬೇಕೆಂದರೆ ಮಳೆಯಲ್ಲೇ, ಕತ್ತಲಲ್ಲೇ ಯಾರಾದರೂ ಮೇಲೆ ಹತ್ತಬೇಕು. ಶರೀಫರು ಇದನ್ನು ದೇಹದ ಮೇಲೆ, ಅಜ್ಞಾನ ಸೋರುವ ಮನಸ್ಸಿನ ಮೇಲೆ ಇಟ್ಟರು. ಅವರ ಪದದ ಬಿಗಿ ಇರುವುದು ರೂಪಕದ ಜಾಣತನದಲ್ಲಿ ಎನ್ನುವುದಕ್ಕಿಂತ ಹೆಚ್ಚಾಗಿ, ಮನೆಯೊಳಗೆ ಕೂತವನು ತಾನೇ ಮೇಲೆ ಹತ್ತಲಾರೆ ಎಂದು ಒಪ್ಪಿಕೊಳ್ಳುವ ಅಸಹಾಯಕತೆಯಲ್ಲಿ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಬೆಂಗಳೂರಿನಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದ್ದ ಗಾಯಕನಿಗೆ ಈ ಮಣ್ಣಿನ ಮಾಳಿಗೆ ದಕ್ಕುವುದು ಹೇಗೆ? ದಕ್ಕಿದ್ದಕ್ಕೆ ಎರಡು ಗುರುತು ಕಾಣುತ್ತವೆ. ಒಂದು, ಅವರು ನಮ್ಮ ಕಡೆಯ ಉಚ್ಚಾರವನ್ನು ಮೈಸೂರಿನ ಉಚ್ಚಾರಕ್ಕೆ ತಿದ್ದಲಿಲ್ಲ. ‘ಮನಿ’ ಮನಿಯಾಗಿಯೇ, ‘ಮಾಳಿಗಿ’ ಮಾಳಿಗಿಯಾಗಿಯೇ ಉಳಿದವು. ಇನ್ನೊಂದು ಹೆಚ್ಚು ಮುಖ್ಯವಾದದ್ದು, ದನಿ. ಸುಗಮ ಸಂಗೀತ ಮೈಕಿನ ಹತ್ತಿರ ನಿಂತು ಮೃದುವಾಗಿ ಹಾಡುವ ದನಿಯನ್ನು ಬೆಳೆಸಿತು. ಕಂಪನಿ ನಾಟಕದವರು, ಭಜನೆಯ ಮುಂದಾಳುಗಳು ಹಾಡುವುದು ತುಂಬು ಗಂಟಲಿನ ಏರು ದನಿಯಲ್ಲಿ. ಕೊನೆಯ ಸಾಲಿನವನಿಗೂ ಮುಟ್ಟಬೇಕಾದ ದನಿ ಅದು. ರಾಕ್ ಗಾಯಕನ ದನಿಯೂ ಅಂಥದ್ದೇ. ನಿಧಾನವಾಗಿ ನಡೆಯುವ ಈ ಹಾಡಿನಲ್ಲಿ ದನಿ ಏರಿದಾಗ ಕೇಳಿಸುವುದು ಮನೆಯೊಳಗಿಂದ ನೆರೆಯವರನ್ನು ಕೂಗುವವನ ಸ್ವರ. ಪದಕ್ಕೆ ಬೇಕಾಗಿದ್ದೂ ಅದೇ. ರಾಕ್ ಸಂಗೀತ ಇಲ್ಲಿ ತತ್ವಪದಕ್ಕೆ ಹೊರಗಿನಿಂದ ಏನನ್ನೂ ಹೇರಲಿಲ್ಲ, ಭಾವಗೀತೆಯ ಕಾಲದಲ್ಲಿ ಹಿಂದೆ ಸರಿದಿದ್ದ ಒಂದು ದನಿಯನ್ನು ಮತ್ತೆ ಮುಂದೆ ತಂದಿತು ಎನ್ನುವುದು ನನ್ನ ತೀರ್ಮಾನ.

ಗುಡುಗುಡಿಯ ಪದದ ಬಗ್ಗೆ ಇಷ್ಟೇ ಖಚಿತವಾಗಿ ಹೇಳಲಾರೆ. ಅದು ವೇಗದ ಹಾಡು, ಕಾಲು ಕುಣಿಸುವ ಹಾಡು. ವೇದಿಕೆಯಲ್ಲಿ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ದೀಕ್ಷಿತ್ ಹಾಡುವಾಗ ಸಭೆಯೇ ಎದ್ದು ನಿಲ್ಲುವ ಹಾಡು. ಶರೀಫರ ಗುಡುಗುಡಿ ಸೇದುವುದು ಒಡಲಿನ ರೋಗವನ್ನು ಹೊರಗೆ ಎಸೆಯಲಿಕ್ಕೆ. ಮನಸ್ಸೇ ಸಂಚಿ, ಸುಡಬೇಕಾದದ್ದು ನಮ್ಮ ಗುಣಗಳು. ಕಾಲೇಜಿನ ಮೈದಾನದಲ್ಲಿ ಕುಣಿಯುವ ಹುಡುಗರಿಗೆ ಇದರಲ್ಲಿ ಎಷ್ಟು ಮುಟ್ಟುತ್ತದೆ? ಗದ್ದಲದಲ್ಲಿ ಅರ್ಥ ಮುಳುಗುತ್ತದೆ, ವೈರಾಗ್ಯದ ಪದ ಮೋಜಿನ ಪದವಾಗುತ್ತದೆ ಎಂಬುದು ನಮ್ಮ ಹಿರಿಯ ವಿದ್ವಾಂಸರು ಈ ಬಗೆಯ ಹಾಡಿಕೆಯ ಮೇಲೆ ಎತ್ತುವ ಮೊದಲ ಆಕ್ಷೇಪ. ಅದನ್ನು ತಳ್ಳಿಹಾಕಲಾಗದು. ಗುಡುಗುಡಿಯ ಹಾಡಿನಲ್ಲಿ ವೇಗ ಕೆಲವೆಡೆ ನುಡಿಯನ್ನು ನುಂಗುತ್ತದೆ ಎಂಬುದು ನನಗೂ ಕೇಳಿಸುತ್ತದೆ. ಆದರೆ ಈ ಅಪಾಯ ತಂದದ್ದು ಡ್ರಮ್ಸ್ ಒಂದೇ ಅಲ್ಲ, ಅದು ಪದದ ಕಟ್ಟಿನಲ್ಲೇ ಇದೆ. ಹೊರಗೊಂದು ಮೋಜಿನ ಮಾತು, ಒಳಗೊಂದು ತತ್ವ; ಇದು ಬೆಡಗಿನ ವಚನಗಳಿಂದ ಬಂದ ದಾರಿ. ಹೊರಗಿನ ಮಾತಿಗೆ ಮನಸೋತು ಬಂದವನು ಎಂದಾದರೊಂದು ದಿನ ಒಳಗಿನದಕ್ಕೆ ಕಿವಿ ಕೊಡುತ್ತಾನೆ ಎಂಬ ನಂಬಿಕೆಯ ಮೇಲೆಯೇ ಶರೀಫರು ಗುಡುಗುಡಿ, ಗಾಂಜಾ, ಕೋಳಿ, ಕೋಡಗಗಳನ್ನು ಪದಕ್ಕೆ ತಂದರು. ಮೊಹರಂ ಹೆಜ್ಜೆಯಲ್ಲಿ ಕುಣಿಯುವ ಹುಡುಗನಿಗೆ ಕರ್ಬಲದ ದುಃಖ ಪೂರ್ತಿ ತಿಳಿದಿರಲೇಬೇಕು ಎಂದು ಯಾವ ಊರಿನವರೂ ಷರತ್ತು ಹಾಕಿಲ್ಲ. ಹಾಡುವವನ ಮೇಲೆ ಮಾತ್ರ ಒಂದು ಹೊಣೆ ಇದೆ: ಅವನಿಗೆ ಅರ್ಥ ಗೊತ್ತಿರಬೇಕು, ಕೇಳಿದವರಿಗೆ ಅದನ್ನು ಹೇಳಬೇಕು. ಕನ್ನಡ ಬಾರದ ಸಭೆಗಳಿಗೆ ಶರೀಫರು ಯಾರು, ಪದ ಏನು ಹೇಳುತ್ತದೆ ಎಂದು ವಿವರಿಸಿ ಹಾಡುವ ರೂಢಿಯನ್ನು ರಘು ದೀಕ್ಷಿತ್ ಇಟ್ಟುಕೊಂಡರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರು ಹಾಡಿದರು, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರನ್ನು ವರ್ಷದ ಹೊಸ ಕಲಾವಿದರೆಂದು ಗೌರವಿಸಿತು. ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಹಾಡಿಗೆ ಮುಂಚಿನ ಆ ನಾಲ್ಕು ಮಾತು.

ಇನ್ನು ಸ್ವಂತ ಹಾಡುಗಳು. ‘ಹೇ ಭಗವಾನ್’, ‘ಮೈಸೂರ್ ಸೆ ಆಯಿ’, ‘ಖಿಡ್ಕಿ’ ಕೇಳಲು ಸೊಗಸಾದ ಹಾಡುಗಳು. ರಾಗ ಕಟ್ಟುವ ಕೈ ಬಲವಾಗಿದೆ ಎಂಬುದಕ್ಕೆ ಅವೇ ಸಾಕ್ಷಿ. ಆದರೂ ಅವುಗಳನ್ನು ಆ ಕಾಲದ ಇತರ ಇಂಡಿ-ಪಾಪ್ ಹಾಡುಗಳ ಸಾಲಿನಲ್ಲಿ ಇಟ್ಟರೆ ಹೊಂದಿಕೊಂಡುಬಿಡುತ್ತವೆ. ಹಿಂದಿ ಸಾಹಿತ್ಯದಲ್ಲಿ ಬೇರೆ ಕವಿಗಳ ಕೈ ಇದೆ ಎಂಬುದನ್ನೂ ಮರೆಯಬಾರದು. ಹಾಗೆ ನೋಡಿದರೆ ಹೊಸ ಹಾಡು, ಹಳೆಯ ಹಾಡು ಎಂಬ ಗೆರೆಯ ಎರಡೂ ಕಡೆ ಗಾಯಕರ ಪಾಲು ಹೆಚ್ಚು ಕಡಿಮೆ ಒಂದೇ: ಪದ ಇನ್ನೊಬ್ಬರದು, ಧಾಟಿ ಮತ್ತು ದನಿ ತಮ್ಮದು. ಒಬ್ಬ ಕವಿ ಸಮಕಾಲೀನ, ಇನ್ನೊಬ್ಬರು ಹತ್ತೊಂಬತ್ತನೆಯ ಶತಮಾನದವರು ಎಂಬ ಒಂದೇ ಕಾರಣಕ್ಕೆ ಮೊದಲನೆಯದನ್ನು ಸ್ವಂತ ಎಂದೂ ಎರಡನೆಯದನ್ನು ಎರವಲು ಎಂದೂ ಕರೆಯುವುದು ಸರಿಯಲ್ಲ. ಶರೀಫರ ಪದದ ಮುಂದೆ ಗಾಯಕನಿಗೆ ಬಂದ ಕಷ್ಟ ದೊಡ್ಡದು. ಅಲ್ಲಿ ಪ್ರತಿ ನುಡಿಗೂ ಒಂದು ಸಮುದಾಯದ ಕಿವಿ ಕಾವಲಿದೆ. ಆ ಕಿವಿಗೆ ಉತ್ತರ ಕೊಡಲೇಬೇಕಾದ ಒತ್ತಡವೇ ಹಾಡಿಕೆಯನ್ನು ಗಟ್ಟಿ ಮಾಡಿತು.

ಎರಡನೆಯ ಆಕ್ಷೇಪ ಸಿ. ಅಶ್ವತ್ಥರನ್ನು ಪ್ರೀತಿಸುವವರದು. ಅವರ ಧಾಟಿಗಳು ಜನಮನದಲ್ಲಿ ನೆಲೆಸಿವೆ, ಅವನ್ನು ಮುಟ್ಟುವ ಅಗತ್ಯವೇನಿತ್ತು ಎಂದು ಅವರು ಕೇಳುತ್ತಾರೆ. ಅಶ್ವತ್ಥರ ಕೆಲಸ ಎಷ್ಟು ದೊಡ್ಡದೆಂದು ಹೇಳಬೇಕಾದ ಸ್ಥಳ ಇದೇ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಜೊತೆ ಸೇರಿ ಅವರು ಕ್ಯಾಸೆಟ್ಟಿನ ಮೂಲಕ ಶರೀಫರನ್ನು ಕನ್ನಡನಾಡಿನ ಮನೆಮನೆಗೆ ತಂದರು, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಸಿದರು. ದಕ್ಷಿಣ ಕರ್ನಾಟಕದ ಎಷ್ಟೋ ಜನರಿಗೆ ಶರೀಫರು ಎಂದರೆ ಅಶ್ವತ್ಥರ ದನಿಯೇ. ಅಷ್ಟರಮಟ್ಟಿಗೆ ಜನ ಅವರ ಧಾಟಿಯನ್ನೇ ಶರೀಫರದೆಂದು ತಿಳಿದುಬಿಟ್ಟಿದ್ದಾರೆ. ಆದರೆ ಅಶ್ವತ್ಥರೂ ತಮ್ಮ ಕಾಲದಲ್ಲಿ ಹೊಸ ಧಾಟಿ ಹಾಕಿದವರೇ, ಏಕತಾರಿ-ದಮ್ಮಡಿಯ ಪದವನ್ನು ವಾದ್ಯವೃಂದಕ್ಕೆ, ದೊಡ್ಡ ವೇದಿಕೆಗೆ ತಂದವರೇ. ಅವರಿಗೆ ಇದ್ದ ಅವಕಾಶವನ್ನು ಅವರ ನಂತರದವರಿಗೆ ಇಲ್ಲ ಎನ್ನುವುದು ಅವರ ಧೈರ್ಯಕ್ಕೇ ಅನ್ಯಾಯ. ರಘು ದೀಕ್ಷಿತ್ ಆಲ್ಬಂ ಬಂದಾಗ ಅಶ್ವತ್ಥರು ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಒಂದೇ ಪದಕ್ಕೆ ಎರಡು ತಲೆಮಾರಿನ ಎರಡು ಧಾಟಿ ಒಂದೇ ಕಾಲದಲ್ಲಿ ಚಲಾವಣೆಯಲ್ಲಿದ್ದವು. ತತ್ವಪದಕ್ಕೆ ಅದು ಆರೋಗ್ಯದ ಲಕ್ಷಣ.

ಕೊಪ್ಪಳದಲ್ಲಿ ನಿಂತು ಈ ಮಾತಾಡುವಾಗ ಕವಿರಾಜಮಾರ್ಗವನ್ನು ನೆನೆಯದೆ ಮುಂದೆ ಹೋಗಲಾಗದು. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವನ್ನು ಹೆಸರಿಸಿತು. ನಾವೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಗ್ರಂಥದ ಬಹುಭಾಗ ದಂಡಿಯ ಕಾವ್ಯಾದರ್ಶವನ್ನು ಆಧರಿಸಿದ್ದು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅದನ್ನು ಬರೆದ ಶ್ರೀವಿಜಯ ಎಷ್ಟೋ ಕಡೆ ದಂಡಿಯ ಮಾತನ್ನೇ ಕನ್ನಡಕ್ಕೆ ತಂದ, ಎಷ್ಟೋ ಕಡೆ ಬಿಟ್ಟ, ಕನ್ನಡ ನಾಡು-ನುಡಿ-ಜನದ ಬಗ್ಗೆ ದಂಡಿಯಲ್ಲಿ ಇಲ್ಲದ್ದನ್ನು ತಾನೇ ಬರೆದ. ಪಡೆದದ್ದರ ಪಕ್ಕದಲ್ಲಿ ಸ್ವಂತದ್ದನ್ನು ಇಟ್ಟ ಈ ಪುಸ್ತಕವೇ ನಮಗೆ ಉಳಿದಿರುವ ಕನ್ನಡದ ಮೊದಲ ಗ್ರಂಥ. ವ್ಯಾಸ ಭಾರತವನ್ನು ಎತ್ತಿಕೊಂಡ ಪಂಪ ಮುಂದೆ ಬಂದ. ಸಾಹಿತ್ಯದಲ್ಲಿ ನಾವು ಸಾವಿರ ವರ್ಷದಿಂದ ಒಪ್ಪಿಕೊಂಡು ಬಂದ ನ್ಯಾಯವನ್ನು ಗಿಟಾರು ಹಿಡಿದವನಿಗೆ ಮಾತ್ರ ನಿರಾಕರಿಸಲು ಕಾರಣ ಕಾಣುವುದಿಲ್ಲ.

ಹಾಗಾದರೆ ಯಾರು ಏನು ಬೇಕಾದರೂ ಮಾಡಬಹುದೇ ಎಂಬುದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಕಠಿಣವಾದದ್ದು. ಮೊಬೈಲಿನಲ್ಲಿ ಅರ್ಧ ನುಡಿ ಕತ್ತರಿಸಿ, ಡಿಜೆ ಬಡಿತಕ್ಕೆ ಕಟ್ಟಿ, ಕವಿಯ ಹೆಸರು ತೆಗೆದು ಹರಿಯಬಿಡುವ ತತ್ವಪದಗಳು ಇಂದು ಬೇಕಾದಷ್ಟಿವೆ. ನನ್ನ ವಾದ ಅವಕ್ಕೆ ರಕ್ಷಣೆ ಕೊಡುವುದಿಲ್ಲ. ಧಾಟಿ ತೆರೆದ ಬಾಗಿಲು, ಅಂಕಿತ ಹಾಗಲ್ಲ. ಅಂಕಿತದ ನುಡಿಯನ್ನು ಕೈಬಿಟ್ಟು ಹಾಡುವುದು ಭಜನೆಯಲ್ಲಿ ತಪ್ಪು, ಆಲ್ಬಂನಲ್ಲೂ ತಪ್ಪು. ನುಡಿಯನ್ನು ತಿರುಚುವುದು ಇನ್ನೂ ದೊಡ್ಡ ತಪ್ಪು. ಹಣದ ಪ್ರಶ್ನೆಯನ್ನೂ ಬಿಡಲಾಗದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪ್ರಕಾರ, ಮುದ್ರಣವಾದ ಹಾಡನ್ನು ಇನ್ನೊಬ್ಬರು ಮತ್ತೆ ಮುದ್ರಿಸಬೇಕಾದರೆ ಐದು ವರ್ಷ ಕಳೆದಿರಬೇಕು, ಮುಂಗಡವಾಗಿ ಗೌರವಧನ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ಕರ್ತೃ ತೀರಿಕೊಂಡು 60 ವರ್ಷವಾದ ಮೇಲೆ ಕೃತಿ ಎಲ್ಲರದಾಗುತ್ತದೆ. ಶರೀಫರ ಪದ ಎಂದೋ ಎಲ್ಲರದಾಗಿದೆ. ಪದವನ್ನು ನೂರಿಪ್ಪತ್ತು ವರ್ಷ ಬಾಯಲ್ಲಿ ಇಟ್ಟುಕೊಂಡು ಕಾಪಾಡಿದ ಭಜನಾ ಮೇಳಗಳಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಇದು ಒಬ್ಬ ಗಾಯಕನ ತಪ್ಪಲ್ಲ, ಆದರೆ ಒಬ್ಬ ಗಾಯಕ ಗೆದ್ದಾಗಲೇ ಇದು ಕಣ್ಣಿಗೆ ಬೀಳುತ್ತದೆ. ರಘು ದೀಕ್ಷಿತ್ 2013ರ ‘ಜಗ್ ಚಂಗಾ’ ಆಲ್ಬಂನಲ್ಲೂ ಶರೀಫರ ಕಡೆಗೆ ಮರಳಿದರು. ಅವರ ನಂತರ ಬರುವವರೂ ಮರಳುತ್ತಾರೆ. ಅವರೆಲ್ಲರಿಗೆ ಇಂದು ಸಿಗುತ್ತಿರುವುದು ಅಚ್ಚಾದ ಪದ ಮತ್ತು ಅಶ್ವತ್ಥರ ಮುದ್ರಣ. ಊರಿನ ಧಾಟಿ ಸಿಗುತ್ತಿಲ್ಲ.

ಇದರಲ್ಲಿ ನಮ್ಮ ಪಾಲಿನ ಕೆಲಸವಿದೆ. ತತ್ವಪದಗಳ ಸಾಹಿತ್ಯವನ್ನು ಸಂಗ್ರಹಿಸಿ ಸಂಪುಟವಾಗಿ ತರುವ ಕೆಲಸ ಕನ್ನಡದಲ್ಲಿ ಸಾಕಷ್ಟು ನಡೆದಿದೆ. ಪುಸ್ತಕದಲ್ಲಿ ಪದ ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ, ಗಂಗಾವತಿಯ ತುಂಗಭದ್ರಾ ನೀರಾವರಿ ಸೀಮೆಯ ಹಳ್ಳಿಗಳಲ್ಲಿ ಒಂದೇ ಶರೀಫರ ಪದವನ್ನು ಯಾರು ಹೇಗೆ ಎತ್ತುತ್ತಾರೆ, ಯಾವ ನುಡಿಯಲ್ಲಿ ನಿಲ್ಲುತ್ತಾರೆ, ಹಿಮ್ಮೇಳ ಎಲ್ಲಿ ಸೇರುತ್ತದೆ ಎಂಬುದನ್ನು ಊರಿನ ಹೆಸರು, ಹಾಡುಗಾರರ ಹೆಸರಿನೊಂದಿಗೆ ಧ್ವನಿಮುದ್ರಿಸಿ ಇಡಬೇಕು. ಇದಕ್ಕೆ ಸ್ಟುಡಿಯೋ ಬೇಕಿಲ್ಲ. ಪ್ರತಿ ಕಾಲೇಜಿನ ಕನ್ನಡ ವಿಭಾಗದ ವಿದ್ಯಾರ್ಥಿಗಳ ಕೈಯಲ್ಲಿರುವ ಫೋನು ಸಾಕು, ಜೊತೆಗೆ ಹಾಡಿದವರ ಒಪ್ಪಿಗೆ ಪಡೆಯುವ ಶಿಸ್ತು ಬೇಕು. ಅಂಥ ಸಂಗ್ರಹವೊಂದು ಇದ್ದರೆ ಮುಂದಿನ ಗಾಯಕ ಹೊಸ ಧಾಟಿ ಹಾಕುವಾಗ ಯಾವುದನ್ನು ಬಿಟ್ಟು ಹಾಕುತ್ತಿದ್ದೇನೆ ಎಂದು ತಿಳಿದು ಹಾಕಬಹುದು, ಒಂದೂರಿನ ಧಾಟಿಯನ್ನೇ ಎತ್ತಿಕೊಂಡರೆ ಆ ಊರಿನ ಮೇಳದ ಹೆಸರನ್ನು ಆಲ್ಬಂ ಮೇಲೆ ಅಚ್ಚು ಹಾಕಿಸಬಹುದು, ಬಂದ ಹಣದಲ್ಲಿ ಆ ಮೇಳಕ್ಕೆ ಇಷ್ಟು ಪಾಲು ಎಂದು ಕರಾರು ಬರೆಯಬಹುದು. ಈ ಕೆಲಸವನ್ನು ಬರುವ ಶ್ರಾವಣದ ಭಜನೆಗಳಿಂದಲೇ ಶುರುಮಾಡಲು ಯಾವ ಅಡ್ಡಿಯೂ ಇಲ್ಲ.